ತಂತಿ ಬಿದ್ದ ಮೇಲಿನ ಮೂರು ದಿನ

ಕಾಸರಗೋಡಿನ ಕಡೆಯವರಿಗೆ ಗಾಳಿಮಳೆಯೆಂದರೆ ಜೂನ್ ತಿಂಗಳು ನೆನಪಾಗಬಹುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ಅದು. ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನಲ್ಲಿ ಅದರ ಐದಾರು ಪಾಲಿನಲ್ಲಿ ಒಂದು ಪಾಲು ಬಿದ್ದರೆ ಅದೇ ಭಾಗ್ಯ. ಆದರೆ ಆ ಅಲ್ಪ ಮಳೆಯೂ ಸುಮ್ಮನೆ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಸುಡುಬಿಸಿಲಿನ ಸಂಜೆ ಒಮ್ಮೆಲೆ ಮೋಡ ಕವಿದು, ಕೆಂಧೂಳೆಬ್ಬಿಸಿಕೊಂಡು ಗಾಳಿ ನುಗ್ಗಿ, ಮನೆಯ ಮೇಲಿನ ತಗಡು ಹಾರಿಸಿ, ದ್ರಾಕ್ಷಿ ಪಡದ ಮೇಲೆ ಆಲಿಕಲ್ಲು ಸುರಿದು ಹೋಗುತ್ತದೆ. ಮರಾಠಿಯವರು ಇದಕ್ಕೆ ವಳೀವ ಎನ್ನುತ್ತಾರೆ, ನಾವು ಅಡ್ಡಮಳೆ ಎನ್ನುತ್ತೇವೆ. ಹೆಸರು ಏನೇ ಇರಲಿ, ಮೊದಲು ಹೋಗುವುದು ಕರೆಂಟು.

ಕರೆಂಟು ಹೋದರೆ ನಮ್ಮಲ್ಲಿ ದೀಪದ ಚಿಂತೆ ಕಡಿಮೆ, ನೀರಿನ ಚಿಂತೆ ಹೆಚ್ಚು. ಕೃಷ್ಣೆಯ ನೀರನ್ನೇ ಮಿರಜ ತಾಲೂಕಿನ ಮ್ಹೈಸಾಳದಿಂದ ಪಂಪು ಹಚ್ಚಿ ಹಂತಹಂತವಾಗಿ ಮೇಲೆತ್ತಿ ತರಬೇಕಾದ ನಾಡು ಇದು. ಮನೆಯ ಬೋರಿನ ನೀರೂ ಮೋಟರು ತಿರುಗಿದರೆ ಮಾತ್ರ ಮೇಲೆ ಬರುತ್ತದೆ.

ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ ನಮ್ಮ ವಸ್ತಿಯ ಕಡೆ ಕಂಬಗಳು ಉರುಳಿ ಮೂರು ದಿನ ಕರೆಂಟಿರಲಿಲ್ಲ. ಮೊದಲ ರಾತ್ರಿಯೇ ನಮ್ಮವ್ವ ಟಾಕಿಯ ನೀರಿನ ಲೆಕ್ಕ ಹಾಕಿದಳು: ಕುಡಿಯಲು ಇಷ್ಟು ಕೊಡ, ಎಮ್ಮೆಗೆ ಇಷ್ಟು, ಅರಿವೆ ಒಗೆಯುವ ಮಾತೇ ಬೇಡ. ಗಿರಣಿ ನಿಂತಿದ್ದರಿಂದ ಜೋಳದ ಹಿಟ್ಟು ಮರುದಿನಕ್ಕೆ ಮುಗಿಯಿತು. ಹಿತ್ತಲಲ್ಲಿ ಮಗುಚಿಬಿದ್ದಿದ್ದ ಬೀಸುಕಲ್ಲನ್ನು ಒಳಗೆ ತಂದೆವು. ವರ್ಷಗಟ್ಟಲೆ ಮುಳ್ಳುಹೊಯ್ಯದ ಕಲ್ಲು, ಹಿಟ್ಟು ಬೀಸಲಾರದೆ ನುಚ್ಚು ಕೊಟ್ಟಿತು. ಎರಡು ದಿನ ನುಚ್ಚು ಮಜ್ಜಿಗೆಯೇ ಊಟ. ಚಿಮಣಿ ಎಣ್ಣೆ ಸಿಗುವುದು ಈಗ ಅಪರೂಪ, ಕುಸುಬಿ ಎಣ್ಣೆಯ ಹಣತೆ ಉರಿಯಿತು. ಮೊಬೈಲು ಪಕ್ಕದ ಹೊಲದವರ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಜೀವ ಹಿಡಿಯಿತು.

ಇವೆಲ್ಲ ಹೇಗೋ ಸಾಗುವಂಥವು. ಸಾಗದ ಸಂಗತಿಯೊಂದು ಹೊಲದ ದಾರಿಯಲ್ಲಿ ಬಿದ್ದಿತ್ತು. ಎರಡು ಕಂಬಗಳ ನಡುವಿನ ತಂತಿ ಹರಿದು ಬಂಡಿದಾರಿಗೆ ಅಡ್ಡವಾಗಿತ್ತು. ಕರೆಂಟಿಲ್ಲವಲ್ಲ ಎಂದು ಅದನ್ನು ದಾಟಿ ನಡೆದವರೂ ಇದ್ದರು. ಆದರೆ ಕರೆಂಟು ಯಾವ ಗಳಿಗೆಯಲ್ಲಿ ಬಂದೀತೆಂದು ಹೇಳುವವರು ಯಾರು? ಒಂದು ಕಡೆ ರಿಪೇರಿ ಮುಗಿದು ಲೈನು ಜೀವ ತಳೆದರೆ ಇನ್ನೊಂದು ಕಡೆ ನೆಲಕ್ಕೆ ಬಿದ್ದ ತಂತಿ, ಅದರ ಸುತ್ತಲಿನ ಹಸಿ ಮಣ್ಣು ಎರಡೂ ಪ್ರಾಣ ತೆಗೆಯಬಲ್ಲವು. ಅದಕ್ಕೇ ವಾಯರ್‌ಮನ್ ಲೈನಿನ ಉದ್ದಕ್ಕೂ ನಡೆದು ನೋಡದೆ ಕರೆಂಟು ಬಿಡುವುದಿಲ್ಲ. ತಡವಾಗುವುದು ಅಲ್ಲಿಯೇ. ಆ ತಾಳ್ಮೆಯಿಲ್ಲದೆ ಬಿದಿರುಕೋಲು ಹಿಡಿದು ಡಿಪಿಯ ಫ್ಯೂಜಿಗೆ ಕೈಹಾಕುವುದು ಸಾವಿಗೆ ಕರೆಕೊಟ್ಟಂತೆ.

ನಸುಕಿನಲ್ಲಿ ಆ ದಾರಿಯಲ್ಲೇ ಕುರಿಹಿಂಡು ಹೋಗುತ್ತವೆ. ಎಚ್ಚರಿಕೆಯ ಬರಹವೆಂದರೆ ಡಿಪಿಯ ಮೇಲಿನ ತಲೆಬುರುಡೆಯ ಹಲಗೆ ಒಂದೇ, ಅದರಲ್ಲಿ ಮರಾಠಿಯಲ್ಲಿ ‘ಧೋಕಾ’ ಎಂದಿದೆ. ಮರಾಠಿಯಲ್ಲಿ ಧೋಕಾ ಎಂದರೆ ಅಪಾಯ. ನಮ್ಮ ಆಡುಮಾತಿನಲ್ಲಿ ಅದು ಮೋಸ. ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದ ನನ್ನ ಮಗ ಒಮ್ಮೆ ಅದನ್ನು ಓದಿ, “ಆಯಿ, ಈ ಕಂಬ ಯಾರಿಗಿ ಧೋಕಾ ಮಾಡತೈತಿ?” ಎಂದು ಕೇಳಿದ್ದ. “ಅದನ್ನ ನಂಬಿದವರಿಗಿ” ಎಂದಿದ್ದಳು ಅವ್ವ. ನಗು ಬಂದಿತ್ತು. ಆ ರಾತ್ರಿ ನಗು ಬರಲಿಲ್ಲ.

ಜಾಲಿಮುಳ್ಳು ಕಡಿದು ದಾರಿಯ ಎರಡೂ ಬದಿಗೆ ಹಚ್ಚಿದೆವು. ಹಳೆಯ ಹಲಗೆಗಳ ಮೇಲೆ ಮಗ ಇದ್ದಿಲಿನಿಂದ ಬರೆದ: ‘ತಂತಿ ಬಿದ್ದೈತಿ, ಮುಟ್ಟಬ್ಯಾಡ್ರಿ. ಅಪಾಯ.’ ಕೆಳಗೆ ಅದನ್ನೇ ಮರಾಠಿಯಲ್ಲೂ ಬರೆದ. ಓದು ಬಾರದ ಕುರುಬರಿಗಾಗಿ ನಾನೂ ನೆರೆಯವರೂ ಪಾಳಿಯ ಮೇಲೆ ಕುಳಿತು ಕೂಗಿ ಹೇಳಿದೆವು.

ಮೂರನೆಯ ದಿನ ಬಂದ ವಾಯರ್‌ಮನ್ ಬೇರೆ ತಾಲೂಕಿನ ಮರಾಠಿ ಹುಡುಗ. ಅವನಿಗೆ ಬರುತ್ತಿದ್ದ ಕನ್ನಡ “ನೀರ ಕೊಡ್ರಿ” ಎಂಬುದೊಂದೇ. ಅವ್ವ ನೀರಿನ ಜೊತೆಗೆ ನುಚ್ಚು ಮಜ್ಜಿಗೆಯನ್ನೂ ಕೊಟ್ಟಳು. ಹಲಗೆ ನೋಡಿ ಅವನು ಕನ್ನಡ ಸಾಲನ್ನು ಓದಿಸಿಕೊಂಡ. ‘ಅಪಾಯ’ ಎಂದೊಡನೆ, “ಹಾ ಶಬ್ದ ಆಮಚಾ ಪಣ ಆಹೆ” ಎಂದ, ಈ ಶಬ್ದ ನಮ್ಮದೂ ಹೌದು ಎಂದು. ನಿಜವೇ. ಮರಾಠಿಯಲ್ಲಿ ಅಪಾಯವೆಂದರೆ ಕೇಡು. ಮಲೆಯಾಳದಲ್ಲಿಯೂ ಅಪಾಯಂ ಅಪಾಯವೇ ಅಲ್ಲವೆ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಜತ್ತ ಮುಂಬಯಿ ರಾಜ್ಯದಲ್ಲೇ ಉಳಿದು 1960ರ ಮೇ 1ರಂದು ಮಹಾರಾಷ್ಟ್ರದ್ದಾಯಿತು. ಅಂದಿನಿಂದ ಗಡಿಯ ಕನ್ನಡಿಗರು ಶಾಲೆಗಾಗಿ, ಅರ್ಜಿಯ ನಮೂನೆಗಾಗಿ ದನಿಯೆತ್ತುತ್ತ ಬಂದಿದ್ದೇವೆ. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350-ಎ ವಿಧಿಯ ಆಸರೆಯಾದರೂ ಇದೆ. ಕಂಬದ ಮೇಲಿನ ಒಂದು ಶಬ್ದವನ್ನು ಕೇಳಬೇಕೆಂದು ನಮಗೆ ತೋಚಲಿಲ್ಲ. ಕತ್ತಲಲ್ಲಿ ನಡೆಯುವವನಿಗೆ ಮೊದಲು ಬೇಕಾದದ್ದು ಆ ಶಬ್ದ.

ಮುಂದಿನ ಮಳೆಗೆ ಮುನ್ನ ನಿಮ್ಮ ಮನೆಯ ಹತ್ತಿರದ ಕಂಬವನ್ನೊಮ್ಮೆ ನೋಡಿರಿ. ಅಲ್ಲಿನ ಬರಹ ಮನೆಯ ಹಿರಿಯರಿಗೆ ಓದಲು ಬರದಿದ್ದರೆ ಅವರಿಗೆ ಬಾಯಲ್ಲೇ ಹೇಳಿಡಿರಿ. ಕಚೇರಿಗೆ ಅರ್ಜಿ ಕೊಡುವಾಗ ನೆರೆಯ ಭಾಷೆಯವರ ಸಹಿಯನ್ನೂ ಹಾಕಿಸಿರಿ. ಅದೇ ದಾರಿಯಲ್ಲಿ ಅವರ ಮಕ್ಕಳೂ ನಡೆಯುತ್ತಾರೆ.