ಸೊಲ್ಲಾಪುರ ಜಾತ್ರೆಯ ಮಡಚುಚಾಕು

ಮಕರ ಸಂಕ್ರಾಂತಿಗೆ ಸೊಲ್ಲಾಪುರ ಸೇರುವವರ ಕಣ್ಣು ಮೊದಲು ಅರಸುವುದು ನಂದಿಧ್ವಜಗಳನ್ನು. 12ನೆಯ ಶತಮಾನದ ಶರಣ ಸಿದ್ಧರಾಮರ ಹೆಸರಿನ ಜಾತ್ರೆಯದು. ಕೆರೆಯ ನಡುವಣ ಗುಡಿಗೆ ಕೈಮುಗಿದು ಹೊರಬಂದ ನಾವು ಈ ಸಲ ಅಂಗಡಿಸಾಲಿನಲ್ಲಿ ನಿಂತದ್ದು ಮಡಚುಚಾಕುಗಳ ರಾಶಿಯ ಮುಂದೆ. ಬೆಲೆ 40 ರೂಪಾಯಿ. ಕಿರಿಯ ಮಗನ ಹಟಕ್ಕೆ ಸೋತು ಒಂದನ್ನು ಕೊಂಡೆವು.

ಬಿಡಾರದಲ್ಲಿ ಪೇರಲ ಹೆಚ್ಚುವಾಗ ಅಲಗು ತಟ್ಟನೆ ಮಡಚಿ ನಮ್ಮ ತೋರುಬೆರಳನ್ನು ಕಚ್ಚಿತು. ಹುಡುಗನ ಕೈಯಲ್ಲಿದ್ದಿದ್ದರೆ? ಎಸೆಯಲು ಮನಸ್ಸಾಯಿತು, ಆದರೂ ಊರಿಗೆ ತಂದು ಪರೀಕ್ಷಿಸಿದೆವು. ದೋಷ ಮೂರು: ಸಡಿಲ ರಿವೆಟ್, ಒರಟು ಹಿಡಿ, ಮೊಂಡು ಬಾಯಿ. ರಿವೆಟ್ಟನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ಬಡಿದು ಬಿಗಿಗೊಳಿಸಿ, ಒಂದು ಹನಿ ಎಣ್ಣೆ ಬಿಟ್ಟೆವು. ಹಿಡಿಯ ಚೂಪಂಚುಗಳನ್ನು ಅರದಿಂದ ಸವರಿದೆವು. ಅಲಗನ್ನು ಮಸೆಗಲ್ಲಿನ ಮೇಲೆ ಸುಮಾರು 20 ಡಿಗ್ರಿ ಓರೆಯಾಗಿಟ್ಟು ಎರಡೂ ಮಗ್ಗುಲು ಮಸೆದೆವು. ಸಾಣೆಚಕ್ರಕ್ಕೆ ಕೊಡಲಿಲ್ಲ, ಉಕ್ಕು ಕಾದು ನೀಲಿಗಟ್ಟಿದರೆ ಅದರ ಹದ ಕೆಡುತ್ತದೆ.

ಈಗ ಅದು ಹಣ್ಣು ಹೆಚ್ಚುತ್ತದೆ, ಪೆನ್ಸಿಲ್ ಹೆರೆಯುತ್ತದೆ. ಆದರೆ ಮೆತ್ತನೆಯ ಉಕ್ಕಾದ್ದರಿಂದ ವಾರಕ್ಕೊಮ್ಮೆ ಮಸೆಯಬೇಕು. ಅಲಗನ್ನು ತಡೆದು ನಿಲ್ಲಿಸುವ ಬೀಗವಂತೂ ಅದಕ್ಕಿಲ್ಲ. ನಮ್ಮ ರಿಪೇರಿಯಿಂದ ಅದು ಬರುವಂತಹುದೂ ಅಲ್ಲ. ನಿತ್ಯದ ದುಡಿಮೆಗೆ ಬೇಕಾದವರು ಹೆಚ್ಚು ಹಣ ತೆತ್ತು ಒಳ್ಳೆಯ ಚಾಕುವನ್ನೇ ಕೊಳ್ಳಲಿ. ಮಸೆಯುವ ವಿದ್ಯೆ ಕಲಿಯಬಯಸುವವರಿಗೆ ಈ ಅಗ್ಗದ ಚಾಕು ಸಾಕು. ಮಗನಿಗೆ ನಮ್ಮ ಎದುರಿನಲ್ಲಿ ಮಸೆಯಲು ಕಲಿಸುತ್ತಿದ್ದೇವೆ. ಜೇಬಿನಲ್ಲಿಟ್ಟುಕೊಳ್ಳುವ ಅಪ್ಪಣೆಯನ್ನು ಮಾತ್ರ ಇನ್ನೂ ಕೊಟ್ಟಿಲ್ಲ.