ಅಟ್ಟ ಹತ್ತದ ಮನೆಯವರು: ಫ್ಲಾರಿಡಾ ಟಿಪ್ಪಣಿಗಳು

* ಹಳೆಯ ಮನೆಯ ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟರೆ ಅದರ ಹಣೆಬರಹ ತಿಳಿಯುತ್ತದೆ. ತೊಲೆ ಗೋಡೆಗೆ ಕೂರುವಲ್ಲಿ ಬರೀ ಓರೆಮೊಳೆ ಇದೆಯೋ, ತೊಲೆಯನ್ನು ಬಳಸಿ ಹಿಡಿದ ಉಕ್ಕಿನ ಪಟ್ಟಿ ಇದೆಯೋ? ಚಂಡಮಾರುತದ ಗಾಳಿ ಚಾವಣಿಯನ್ನು ಮೇಲಕ್ಕೆತ್ತುತ್ತದೆ. ಅದನ್ನು ಗೋಡೆಗೆ ಬಿಗಿದಿಡುವುದು ಈ ಪಟ್ಟಿ. ಮನೆ ಕೊಳ್ಳುವವರು ಅಡುಗೆಮನೆಯ ಗ್ರಾನೈಟ್ ಸವರಿ ನೋಡುತ್ತಾರೆ. ಅಟ್ಟವನ್ನು ಯಾಕೆ ನೋಡುವುದಿಲ್ಲ?

* 'ನೂರು ವರ್ಷಕ್ಕೊಮ್ಮೆ ಬರುವ ಬಿರುಗಾಳಿ' ಎಂದರೆ ಎಲ್ಲರೂ ನಿರಾಳ. ವರ್ಷಕ್ಕೆ ಶೇ. 1ರ ಆ ಅಪಾಯವನ್ನೇ 30 ವರ್ಷದ ಗೃಹಸಾಲದ ಅವಧಿಗೆ ಹಿಡಿದರೆ ಶೇ. 26. ಅಪಾಯ ಅದೇ, ಎದೆಬಡಿತ ಬೇರೆ.

* 1992ರ ಆಗಸ್ಟ್‌ನಲ್ಲಿ ಬಂದ ಆ್ಯಂಡ್ರೂ ಚಂಡಮಾರುತ, ಮಯಾಮಿಯ ದಕ್ಷಿಣಕ್ಕೆ 25,000ಕ್ಕೂ ಹೆಚ್ಚು ಮನೆಗಳನ್ನು ನಾಶಮಾಡಿತು. ಚಾವಣಿಯ ಹಲಗೆಗೆ ಹೊಡೆದ ಸ್ಟೇಪಲ್ ಪಿನ್ನುಗಳು ಎಷ್ಟೋ ಕಡೆ ಕೆಳಗಿನ ತೊಲೆಗೆ ತಾಗಿಯೇ ಇರಲಿಲ್ಲ. 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು. ಆದರೂ ವಾಯವ್ಯದ ಜಿಲ್ಲೆಗಳಲ್ಲಿ, ಕಡಲಿಂದ ಒಂದು ಮೈಲಿಗಿಂತ ದೂರವಿದ್ದರೆ ಕಿಟಕಿ ರಕ್ಷಣೆಗೆ 2007ರವರೆಗೆ ವಿನಾಯಿತಿ. 2018ರಲ್ಲಿ 5ನೇ ದರ್ಜೆಯ ಮೈಕಲ್ ಅಪ್ಪಳಿಸಿದ್ದು ಅಲ್ಲಿಗೇ.

* ಜನ ವಿಪತ್ತಿಗೆ ಯಾಕೆ ಸಜ್ಜಾಗುವುದಿಲ್ಲ ಎಂಬುದಕ್ಕೆ ಸಂಶೋಧಕರಾದ ರಾಬರ್ಟ್ ಮೇಯರ್, ಹೋವರ್ಡ್ ಕುನ್‌ರೂಥರ್ 2017ರ ತಮ್ಮ ಪುಸ್ತಕದಲ್ಲಿ ಹೇಳಿದ ಕಾರಣಗಳಲ್ಲಿ ಮರೆವು, ನಮಗಾಗದು ಎಂಬ ಭರವಸೆ, ನಾಲ್ವರಂತೆ ನಡೆಯುವುದು ಸೇರಿವೆ. ಒಪ್ಪುತ್ತೇನೆ. ಆದರೆ ಮನೆಯವರನ್ನಷ್ಟೇ ದೂರಲು ಮನಸ್ಸೊಪ್ಪದು.

* ಯಾಕೆಂದರೆ 2022ರಲ್ಲಿ ರಾಜ್ಯ ಸರ್ಕಾರ ಮತ್ತೆ ಶುರುಮಾಡಿದ 'ಮೈ ಸೇಫ್ ಫ್ಲಾರಿಡಾ ಹೋಮ್' ಯೋಜನೆಗೆ ಜನ ಮುಗಿಬಿದ್ದರು. ತಪಾಸಣೆ ಉಚಿತ. ಮನೆ ಭದ್ರಪಡಿಸಲು ಮನೆಯವರು 1 ಡಾಲರ್ ಹಾಕಿದರೆ ಸರ್ಕಾರದ್ದು 2, ಗರಿಷ್ಠ 10,000. ಭದ್ರಪಡಿಸಿದ ಮನೆಗೆ ವಿಮಾ ಕಂತಿನಲ್ಲಿ ರಿಯಾಯಿತಿ ಕೊಡಲೇಬೇಕೆಂಬ ಕಾನೂನೂ ಇದೆ. ಅಂದರೆ ಕೊರತೆ ಬುದ್ಧಿಯದಲ್ಲ. ಅಟ್ಟದಲ್ಲಿರುವುದನ್ನು ಬರೆದು ಕೈಗಿಟ್ಟು ಖರ್ಚಿಗೆ ಹೆಗಲು ಕೊಟ್ಟರೆ, ಜನ ನಿರ್ಧಾರ ಮಾಡುತ್ತಾರೆ.

* ಪಕ್ಕದ ಮನೆಯಿಂದ ಕಿತ್ತು ಬಂದ ಹೆಂಚು ಕಿಟಕಿ ಒಡೆದರೆ ಗಾಳಿ ಒಳನುಗ್ಗಿ ಚಾವಣಿಯನ್ನು ಒಳಗಿನಿಂದಲೂ ಎತ್ತುತ್ತದೆ. ಒಬ್ಬರು ಬಿಟ್ಟ ಪಟ್ಟಿಯ ಬೆಲೆಯನ್ನು ಇಡೀ ಬೀದಿ ತೆರುತ್ತದೆ. ಹಾಗಿರುವಾಗ ಇದನ್ನು ಒಂದೊಂದು ಮನೆಯ ಸ್ವಂತ ವಿಚಾರವೆಂದು ಬಿಡುವುದು ಹೇಗೆ? ಹೊಸ ಮನೆಗೆ ಕಟ್ಟುನಿಟ್ಟಿನ ಕಾನೂನು, ಹಳೆಯ ಮನೆಗೆ ಸಾರ್ವಜನಿಕ ಹಣ: ಎರಡೂ ಬೇಕು.