ಮಾಲ್ಗುಡಿಯನ್ನು ಕಂಡು ಬಂದೆವು

ಭೂಪಟದಲ್ಲಿ ಇಲ್ಲದ ಊರಿಗೆ ಶಾಲಾ ಪ್ರವಾಸ ಹೊರಡುತ್ತೇವೆಂದರೆ ರಕ್ಷಕರ ಸಭೆ ಸುಲಭದಲ್ಲಿ ಒಪ್ಪುವುದಿಲ್ಲ. ಮೈಸೂರಾದರೆ ಅರಮನೆಯಿದೆ, ಕೊಚ್ಚಿಯಾದರೆ ಮೆಟ್ರೋ ರೈಲಿದೆ, ಮಾಲ್ಗುಡಿಯಲ್ಲಿ ಏನಿದೆ ಎಂದು ಒಬ್ಬರು ಕೇಳಿದರು. ಅಂಥ ಊರೇ ಇಲ್ಲವಂತಲ್ಲ ಎಂದು ಇನ್ನೊಬ್ಬರು ದನಿಗೂಡಿಸಿದರು. ಊರು ಇಲ್ಲದಿದ್ದರೂ ಅದನ್ನು ತೆರೆಯ ಮೇಲೆ ಕಟ್ಟಿದ ಸ್ಥಳವಿದೆ, ಅದರ ಹೆಸರು ಆಗುಂಬೆ, ಅಲ್ಲಿ ಸೂರ್ಯಾಸ್ತವೂ ಉಂಟು ಎಂದು ಸಮಾಧಾನ ಹೇಳಿದ್ದಾಯಿತು. ಪುಷ್ಯಮಾಸದ ಒಂದು ಶನಿವಾರ ನಸುಕಿನಲ್ಲಿ ನಮ್ಮ ಶಾಲೆಯ ಕನ್ನಡ ವಿಭಾಗದ ಏಳನೆಯ ತರಗತಿಯ ಹನ್ನೊಂದು ಮಕ್ಕಳು, ಇಬ್ಬರು ಅಧ್ಯಾಪಿಕೆಯರು ಹಾಗೂ ನಾನು ಒಂದು ಚಿಕ್ಕ ಬಸ್ಸಿನಲ್ಲಿ ಕಾಸರಗೋಡು ಬಿಟ್ಟೆವು.

ನಲವತ್ತೈದು ದಾಟಿದ ವಾಚಕರಿಗೆ ಮಾಲ್ಗುಡಿಯ ಪರಿಚಯ ಹೇಳಬೇಕಾಗಿಲ್ಲ. ಕಿರಿಯರಿಗಾಗಿ ನಾಲ್ಕು ಮಾತು ಬರೆಯುತ್ತೇನೆ. 1930ರ ಸಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು ತರುಣ ಆರ್. ಕೆ. ನಾರಾಯಣ್ ಅವರು ಹೊಸ ನೋಟುಪುಸ್ತಕ ತೆರೆದು ಕುಳಿತಾಗ ಮೊದಲು ಅವರ ಕಣ್ಣಿಗೆ ಕಟ್ಟಿದ್ದು ಒಂದು ಸಣ್ಣ ರೈಲು ನಿಲ್ದಾಣವಂತೆ. ಅದರ ಹೆಸರೇ ಮಾಲ್ಗುಡಿ. ಊರು ಆಮೇಲೆ ಬೆಳೆಯಿತು. ಸರಯೂ ಎಂಬ ನದಿ, ಮೆಂಪಿ ಎಂಬ ಬೆಟ್ಟ, ಮಾರ್ಕೆಟ್ ರಸ್ತೆ, ಕಬೀರ್ ಬೀದಿ ಎಲ್ಲ ಒಂದೊಂದಾಗಿ ಕೂಡಿಕೊಂಡವು. 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿ 1935ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಐದು ದಶಕಗಳ ಬಳಿಕ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಎಂಬ ಧಾರಾವಾಹಿ ಬಂತು. ಟಿ. ಎಸ್. ನರಸಿಂಹನ್ ಅದರ ನಿರ್ಮಾಪಕರು, ನಮ್ಮ ಶಂಕರ್ ನಾಗ್ ನಿರ್ದೇಶಕರು. ಆರಂಭದ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ. ಗಿರೀಶ ಕಾರ್ನಾಡರು ಅವನ ತಂದೆಯಾದರು, ವೈಶಾಲಿ ಕಾಸರವಳ್ಳಿಯವರು ತಾಯಿಯಾದರು. ಮಾತು ಮಾತ್ರ ಹಿಂದಿ.

ಆಗ ನಾನು ಹೈಸ್ಕೂಲು ಮುಗಿಸಿದ ಹುಡುಗ. ನಮ್ಮ ಊರಿಗೆಲ್ಲ ಒಂದೇ ಟೀವಿ. ಅದೂ ಅಡಿಕೆ ತೋಟದ ನಡುವಿನ ಒಂದು ಮನೆಯಲ್ಲಿ. ಗಾಳಿ ಬೀಸಿದರೆ ಚಿತ್ರದ ಮೇಲೆ ಮಳೆ ಸುರಿಯುತ್ತಿತ್ತು; ಯಾರಾದರೊಬ್ಬರು ಹೊರಗೆ ಹೋಗಿ ಆಂಟೆನಾದ ಕಂಬ ತಿರುಗಿಸಿ "ಬಂತೋ? ಬಂತೋ?" ಎಂದು ಕೂಗಬೇಕು. ಜಗಲಿಯಲ್ಲಿ ಕುಳಿತ ನಲವತ್ತು ಮಂದಿಯಲ್ಲಿ ಹಿಂದಿ ತಿಳಿದವರು ಮೂವರೋ ನಾಲ್ವರೋ. ಅವರು ಅರ್ಥ ಹೇಳಲು ಬಾಯಿ ತೆರೆದರೆ ಉಳಿದವರು ಗದರಿಸಿ ಸುಮ್ಮನಾಗಿಸುತ್ತಿದ್ದರು. ಸ್ವಾಮಿಯ ಅಜ್ಜಿ ತೆರೆಯ ಮೇಲೆ ಬಂದಾಗ ನೆರೆಮನೆಯ ವೃದ್ಧೆಯೊಬ್ಬರು, "ಇವಳು ಘಟ್ಟದ ಮೇಲಿನವಳೇ ಸೈ" ಎಂದು ತೀರ್ಪು ಕೊಟ್ಟಿದ್ದರು. ಕಂಬದ ಚಾವಡಿ, ಕೆಂಪು ಹಂಚು, ಅಂಗಳ, ಒದ್ದೆ ಮಣ್ಣು ಇಷ್ಟು ಕಂಡ ಮೇಲೆ ಭಾಷೆಯ ಗೊಡವೆ ಯಾರಿಗೆ ಬೇಕಿತ್ತು?

1987ರ ಜನವರಿಯಲ್ಲಿ ರಾಮಾಯಣವೂ ಆರಂಭವಾಗಿತ್ತು. ಆದಿತ್ಯವಾರ ಬೆಳಗ್ಗೆ ರಸ್ತೆಗಳು ಬರಿದಾಗುತ್ತಿದ್ದವು, ಟೀವಿಗೆ ಹೂವು ಮುಡಿಸಿದವರೂ ಇದ್ದರು. ಅದಕ್ಕೂ ಮೊದಲು 'ಹಮ್ ಲೋಗ್', 'ಬುನಿಯಾದ್' ಮನೆಮಾತಾಗಿದ್ದವು. ಮಾಲ್ಗುಡಿ ರಸ್ತೆಗಳನ್ನೇನೂ ಬರಿದುಮಾಡಲಿಲ್ಲ. ಆದರೆ ನಾಲ್ಕು ದಶಕಗಳ ಬಳಿಕ ಮಕ್ಕಳ ಮುಂದೆ ಯಾವುದನ್ನು ಇಡಲಿ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಅದೊಂದೇ. ಈಗ ತರಗತಿಯಲ್ಲಿಯೇ ಗೋಡೆಯ ಮೇಲೆ ಚಿತ್ರ ಮೂಡಿಸುವ ಯಂತ್ರವಿದೆ, ಕಂಬ ತಿರುಗಿಸುವ ಕಷ್ಟವಿಲ್ಲ. ಶುಕ್ರವಾರದ ಕೊನೆಯ ಪಿರಿಯಡಿನಲ್ಲಿ ವಾರಕ್ಕೊಂದು ಕಂತನ್ನು ತೋರಿಸತೊಡಗಿದೆ.

ಅಪ್ಪ ಮಗನಿಗೆ ಲೆಕ್ಕ ಹೇಳಿಕೊಡುವ ಪ್ರಸಂಗ ಹಲವರಿಗೆ ನೆನಪಿರಬಹುದು. ಹತ್ತು ಮಾವಿನಹಣ್ಣಿಗೆ ಹದಿನೈದಾಣೆಯಾದರೆ ನಾಲ್ಕಕ್ಕೆಷ್ಟು? ಸ್ವಾಮಿಗೆ ಕಾಡುವ ಪ್ರಶ್ನೆಯೇ ಬೇರೆ: ಆ ಹಣ್ಣುಗಳು ಕಳಿತಿವೆಯೋ ಇಲ್ಲವೋ? ಮೂವತ್ತು ವರ್ಷಗಳಿಂದ ತ್ರೈರಾಶಿ ಕಲಿಸುತ್ತಿರುವವನು ನಾನು. ಅಧ್ಯಾಪಕ ತರಬೇತಿಯಲ್ಲಿ ಬಾಲಮನಶ್ಶಾಸ್ತ್ರದ ಪಾಠಗಳನ್ನು ಉರು ಹೊಡೆದವನು. ಮಗುವಿನ ಮನಸ್ಸು ಲೆಕ್ಕದ ಒಳಗೆ ಹೇಗೆ ದಾರಿ ತಪ್ಪುತ್ತದೆಂಬುದನ್ನು ಇಷ್ಟು ಚೊಕ್ಕವಾಗಿ ಯಾವ ಪಠ್ಯಪುಸ್ತಕವೂ ನನಗೆ ತಿಳಿಸಿರಲಿಲ್ಲ. ಮಕ್ಕಳಂತೂ ನಕ್ಕು ನಕ್ಕು ಬೆಂಚಿನಿಂದ ಜಾರಿದರು.

ನಗು ನಿಂತ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಮಾಷ್ಟ್ರೆ, ಸ್ವಾಮಿಯ ಮನೆಯಲ್ಲಿ ಎಂತ ಭಾಷೆ ಮಾತಾಡುವುದು?"

ಉತ್ತರ ಸುಲಭವಲ್ಲ. ನಾರಾಯಣರ ಮನೆಮಾತು ತಮಿಳು, ಬಾಳಿದ್ದು ಮೈಸೂರಿನಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ಶಂಕರ್ ನಾಗ್ ಮತ್ತು ಕಾರ್ನಾಡರ ಮನೆಮಾತು ಕೊಂಕಣಿ. ಶಂಕರ್ ಮೊದಲು ಹೆಸರು ಮಾಡಿದ್ದು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ, ಜನಮನ ಗೆದ್ದದ್ದು ಕನ್ನಡದಲ್ಲಿ. ಮನೆ ಮಲೆನಾಡಿನದು, ಮಾತು ಹಿಂದಿಯದು. ಇಷ್ಟನ್ನು ವಿವರಿಸಿದಾಗ ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ನಮ್ಮ ಕ್ಲಾಸಿನ ಹಾಗೆಯೇ" ಎಂದು ಕುಳಿತ. ಅವನ ಮಾತು ಅಕ್ಷರಶಃ ನಿಜ. ಆ ಹನ್ನೊಂದು ಮಕ್ಕಳಲ್ಲಿ ನಾಲ್ವರ ಮನೆಮಾತು ತುಳು, ಮೂವರದು ಮಲಯಾಳ, ಒಬ್ಬನದು ಕೊಂಕಣಿ, ಒಬ್ಬಳದು ಮರಾಠಿ. ಮನೆಯಲ್ಲಿ ಕನ್ನಡವಿರುವುದು ಇಬ್ಬರಿಗೆ ಮಾತ್ರ. ಇವರೆಲ್ಲರ ಶಾಲೆ ಕನ್ನಡ. ಪ್ರವಾಸದ ಯೋಚನೆ ಹುಟ್ಟಿದ್ದು ಆ ದಿನ.

ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ, ಮಂಗಳೂರಿನಲ್ಲಿ ಇಡ್ಲಿ ತಿಂದು, ಕಾರ್ಕಳದಲ್ಲಿ ಗೊಮ್ಮಟನಿಗೆ ಕೆಳಗಿನಿಂದಲೇ ಕೈಮುಗಿದು, ಹೆಬ್ರಿ ಸೋಮೇಶ್ವರಗಳ ಮಾರ್ಗವಾಗಿ ಸಾಗಿದೆವು. ಸೋಮೇಶ್ವರದಿಂದ ಕಾಡು ರಸ್ತೆಗೆ ಒತ್ತಿ ಬರುತ್ತದೆ. ಘಾಟಿಯ ಹದಿನಾಲ್ಕು ತಿರುವುಗಳನ್ನು ಮಕ್ಕಳು ಗಟ್ಟಿಯಾಗಿ ಎಣಿಸಿದರು; ಒಂಬತ್ತನೆಯದರಲ್ಲಿ ಇಬ್ಬರಿಗೆ ವಾಂತಿಯಾಗಿ ಎಣಿಕೆ ತಪ್ಪಿತು. ತಿರುವುಗಳು ಎಷ್ಟು ಇಕ್ಕಟ್ಟೆಂದರೆ ಅಲ್ಲಿ ದೊಡ್ಡ ಬಸ್ಸುಗಳು ಓಡುವುದಿಲ್ಲ. ಒಂದು ತಿರುವಿನಲ್ಲಿ ಸಿಂಗಳೀಕದ ಹಿಂಡು ಕಂಡೆವು. ಬಾಲದ ತುದಿಯ ಕುಚ್ಚನ್ನು ನೋಡಿದ ಹೊರತು ಅದು ಸಿಂಗಳೀಕವೆಂದು ನಂಬಲು ಮಕ್ಕಳು ಸಿದ್ಧರಿರಲಿಲ್ಲ.

ಆಗುಂಬೆ ತೀರ್ಥಹಳ್ಳಿ ತಾಲೂಕಿಗೆ ಸೇರಿದ್ದು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಊರು. ಕಡಲಿನಿಂದ ಬಂದ ಮೋಡ ಘಟ್ಟದ ಗೋಡೆಗೆ ಬಡಿದು, ಮೇಲೇರಿ, ತಂಪಾಗಿ, ಇದ್ದುದನ್ನೆಲ್ಲ ಅಲ್ಲಿಯೇ ಇಳಿಸಿಬಿಡುತ್ತದೆ. ನಾವು ಹೋದದ್ದು ಚಳಿಗಾಲವಾದ್ದರಿಂದ ಬಿಸಿಲು ಸೊಗಸಾಗಿತ್ತು. ಆದರೂ ಗೋಡೆಗಳ ಪಾಚಿಯಲ್ಲಿ ಹಿಂದಿನ ಮಳೆಗಾಲದ ಗುರುತು ಉಳಿದಿತ್ತು. ಒಂದು ನೇರವಾದ ಪೇಟೆಬೀದಿ, ಎರಡೂ ಬದಿಗೆ ಹಂಚಿನ ಮನೆಗಳು, ತಗ್ಗಾದ ಜಗಲಿಗಳು, ನಾಲ್ಕಾರು ಅಂಗಡಿಗಳು. ಹಳೆಯ ಊರಿನ ಚಹರೆಯನ್ನು ಹುಡುಕಿಕೊಂಡು ಬಂದವರಿಗೆ ಇಲ್ಲಿ ಹೊಸದಾಗಿ ಕಟ್ಟಬೇಕಾದದ್ದು ಹೆಚ್ಚೇನೂ ಇರಲಿಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತದೆ. ನಾರಾಯಣರ ಮಾಲ್ಗುಡಿ ಹಳೆಯ ಮದ್ರಾಸ್ ಪ್ರಾಂತದ ಬಯಲಿನಲ್ಲಿ ಎಲ್ಲೋ ಇರಬೇಕೆಂದು ಓದುಗರು ಊಹಿಸುತ್ತಾರೆ. ಶಂಕರ್ ನಾಗ್ ಅದನ್ನು ಎತ್ತಿ ತಂದು ಸಹ್ಯಾದ್ರಿಯ ನೆತ್ತಿಯ ಮೇಲೆ ಇಟ್ಟರು. ಊರಿನವರು ಬೀದಿಯಲ್ಲಿ ನಡೆದಾಡುವ ಮಾಲ್ಗುಡಿಯವರಾದರು.

ಸ್ವಾಮಿಯ ಮನೆಯಾಗಿ ಕಾಣಿಸಿಕೊಂಡ ದೊಡ್ಡಮನೆ ಪೇಟೆಬೀದಿಯಲ್ಲಿಯೇ ಇದೆ. ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ತಣ್ಣನೆಯ ಚಾವಡಿ. ಅದು ಜನ ವಾಸಿಸುವ ಮನೆ, ಪ್ರದರ್ಶನಾಲಯವಲ್ಲ. ಹೋಗುವವರು ಅದನ್ನು ನೆನಪಿನಲ್ಲಿಟ್ಟು ಕೇಳಿಕೊಂಡೇ ಒಳಗೆ ಕಾಲಿಡಬೇಕು. ನಮ್ಮ ಮಕ್ಕಳು ಹೇಳದೆಯೇ ಪಿಸುಮಾತಿಗೆ ಇಳಿದರು. ಹುಡುಗಿಯೊಬ್ಬಳು ಒಂದು ಕಂಬವನ್ನು ಮುಟ್ಟಿ, "ಇಲ್ಲಿ ಅಪ್ಪ ಪೇಪರು ಓದುವುದು" ಎಂದಳು. 'ಶೂಟಿಂಗ್ ಆದದ್ದು' ಎನ್ನಲಿಲ್ಲ, 'ಓದುವುದು' ಎಂದಳು. ನಮ್ಮ ಅಧ್ಯಾಪಿಕೆಯವರು ಅದನ್ನು ಗಮನಿಸಿ ನನ್ನ ಮುಖ ನೋಡಿದರು.

ಅಲ್ಲಿಂದ ಹೊರಬಂದು ಅಂಗಡಿಯೊಂದರಲ್ಲಿ ಹುಣಿಸೆಹಣ್ಣಿನ ಮಿಠಾಯಿ ಕೊಳ್ಳುತ್ತಿದ್ದಾಗ ಅಂಗಡಿಯ ಹಿರಿಯರು ಮಕ್ಕಳನ್ನು ಊರು ಕೇಳಿದರು. ಕಾಸರಗೋಡು ಎಂದಾಗ ಅವರ ಹುಬ್ಬು ಮೇಲೇರಿತು. "ಕೇರಳದವ್ರಾ? ಅಬ್ಬ, ಎಷ್ಟು ಚಂದ ಕನ್ನಡ ಮಾತಾಡ್ತೀರಿ! ಎಲ್ಲಿ ಕಲ್ತಿದ್ದು?"

ಅಭಿಮಾನದಿಂದಲೇ ಆಡಿದ ಮಾತು. ಆದರೂ ಈ ಪತ್ರಿಕೆಯ ವಾಚಕರಿಗೆ, ಅವರು ತಾಳವಾಡಿಯವರಿರಲಿ, ಅಕ್ಕಲಕೋಟೆಯವರಿರಲಿ, ಆದವಾನಿಯವರಿರಲಿ, ಅದು ಎಲ್ಲಿ ನಾಟುತ್ತದೆಂದು ನಾನು ಬರೆಯಬೇಕಾಗಿಲ್ಲ. 1956ರ ನವೆಂಬರ 1ರಂದು ಗೆರೆ ಸರಿದದ್ದು, ಮನೆಗಳಲ್ಲ. ನಾನು ಇತಿಹಾಸದ ಪಾಠಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕನ್ನಡ ಮನೆಮಾತಿನ ಹುಡುಗಿ, "ಕಲಿತದ್ದಲ್ಲ ಅಜ್ಜ, ಮನೆಯಲ್ಲಿಯೇ ಇದ್ದದ್ದು" ಎಂದಳು. ಪಕ್ಕದಲ್ಲಿದ್ದ ಮಲಯಾಳ ಮನೆಮಾತಿನ ಹುಡುಗ, "ಇವಳಿಗೆ ಮನೆಯಲ್ಲಿ, ನನಗೆ ಶಾಲೆಯಲ್ಲಿ" ಎಂದು ಸೇರಿಸಿದ. ಹಿರಿಯರು ಕ್ಷಣಕಾಲ ಸುಮ್ಮನಿದ್ದು, ಇಬ್ಬರಿಗೂ ಒಂದೊಂದು ಮಿಠಾಯಿ ಹೆಚ್ಚು ಕೊಟ್ಟರು. ನನ್ನ ಪಾಠ ಗಂಟಲಲ್ಲಿಯೇ ಉಳಿಯಿತು.

ಸಂಜೆ ಸೂರ್ಯಾಸ್ತದ ಕಟ್ಟೆಯಲ್ಲಿ ಕುಳಿತಾಗ, ನಿಮಗೆ ಯಾವ ಕಂತು ಇಷ್ಟವೆಂದು ಮಕ್ಕಳನ್ನು ಕೇಳಿದೆ. ಗಂಡುಮಕ್ಕಳಿಗೆ, ಅಪ್ಪನ ಬಲವಂತಕ್ಕೆ ಒಬ್ಬನೇ ಮಲಗಿದ ಸ್ವಾಮಿ ಕತ್ತಲಲ್ಲಿ ಹೆದರಿ ಕಳ್ಳನ ಕಾಲನ್ನು ಕಚ್ಚಿ ವೀರನಾಗುವ ಕಥೆ. ಒಬ್ಬಳಿಗೆ, ಅಪ್ಪ ಸಿನೆಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟು, ಕಛೇರಿಯಿಂದ ಬರುವಾಗ ರಾತ್ರಿಯಾಗಿ, ಸಿಂಗರಿಸಿಕೊಂಡ ಮಗಳು ಹಾಗೆಯೇ ನಿದ್ರೆ ಹೋಗುವ ಕಥೆ. ಆ ಹುಡುಗಿಯ ತಂದೆ ಕೊಲ್ಲಿ ದೇಶದಲ್ಲಿ ದುಡಿಯುವವರು. ನಾನು ಹೆಚ್ಚು ಕೇಳಲಿಲ್ಲ. ನನಗೆ ಎಂದಿಗೂ ಅಂಚೆಯವನ ಕಥೆ. ಮದುವೆಯ ಮನೆಗೆ ಸಾವಿನ ತಂತಿ ಬಂದಿದೆ. ಕೊಟ್ಟರೆ ಮದುವೆ ನಿಲ್ಲುತ್ತದೆ. ಒಂದು ಕಾಗದವನ್ನೂ ತಡಮಾಡದ ಅಂಚೆಯವ ಅದನ್ನು ಬಚ್ಚಿಟ್ಟು, ಧಾರೆ ಮುಗಿದ ಮೇಲೆ ತಂದುಕೊಡುತ್ತಾನೆ. ತಪ್ಪೋ ಸರಿಯೋ ಎಂದು ಕಥೆ ಹೇಳುವುದಿಲ್ಲ, ಧಾರಾವಾಹಿಯೂ ಹೇಳುವುದಿಲ್ಲ.

ಈಗಿನ ಮನೆಮನೆಯ ಧಾರಾವಾಹಿಗಳಲ್ಲಿ ಅತ್ತೆ ಬಾಗಿಲು ತೆರೆದರೆ ಸಿಡಿಲು ಬಡಿದಂತೆ ಸಂಗೀತ ಮೊಳಗುತ್ತದೆ, ಒಂದೇ ಮುಖವನ್ನು ಮೂರು ಸಲ ತೋರಿಸುತ್ತಾರೆ. ಮಾಲ್ಗುಡಿಯಲ್ಲಿ ಖಳನೇ ಇಲ್ಲ. ಪರೀಕ್ಷೆ ಇದೆ, ಸಾಲ ಇದೆ, ಬಿಸಿಲಿದೆ, ಅಪ್ಪನ ಕೋಪವಿದೆ. ಅಲ್ಲಿ ಯಾರೂ ದೇವರಲ್ಲ, ಯಾರೂ ರಾಕ್ಷಸರಲ್ಲ, ಯಾರೂ ಶ್ರೀಮಂತಿಕೆಯಿಂದ ಕಣ್ಣು ಕೋರೈಸುವುದಿಲ್ಲ. ನೋಡುವವನು ತನ್ನ ಊರನ್ನು ಆ ಬೀದಿಯಲ್ಲಿ ಇಟ್ಟುಕೊಳ್ಳಲು ಎಡೆಯಿದೆ. ತಂಜಾವೂರಿನವನಿಗೆ ಅದು ತಂಜಾವೂರು, ನಮ್ಮ ನೆರೆಮನೆಯ ವೃದ್ಧೆಗೆ ಘಟ್ಟದ ಮೇಲಿನ ನೆಂಟರ ಮನೆ. ಯಾವ ರಾಜ್ಯದ ಭೂಪಟದಲ್ಲಿಯೂ ಇಲ್ಲದಿರುವುದೇ ಆ ಊರಿಗೆ ದೊರೆತ ಅನುಕೂಲವೆಂದು ನನಗೆ ತೋರುತ್ತದೆ. ಅದು ಕನ್ನಡದಲ್ಲಿಯೇ ಇದ್ದಿದ್ದರೆ ಎಂಬ ಆಸೆ ನನಗಿಲ್ಲವೆಂದಲ್ಲ. ಇದ್ದಿದ್ದರೆ ಶುಕ್ರವಾರದ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ, ಅದೂ ನಿಜ. ಇಷ್ಟರಲ್ಲಿ ಸೂರ್ಯ ಪಡುವಣ ಮಂಜಿನೊಳಗೆ ಇಳಿದಿದ್ದ, ಕಡಲು ಕಾಣಲಿಲ್ಲ.

ತೀರ್ಥಹಳ್ಳಿಯಲ್ಲಿ ತಂಗಿ, ಮರುದಿನ ರಿಪ್ಪನ್‌ಪೇಟೆಯ ಮಾರ್ಗವಾಗಿ ಅರಸಾಳಿಗೆ ಹೋದೆವು. ಶಿವಮೊಗ್ಗ ತಾಳಗುಪ್ಪ ರೈಲುಮಾರ್ಗದ ಈ ಸಣ್ಣ ನಿಲ್ದಾಣವೇ ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿತ್ತು. ಆಗ ಅಲ್ಲಿ ಮೀಟರ್‌ಗೇಜ್ ಹಳಿಯಿತ್ತು, ಈಗ ಬ್ರಾಡ್‌ಗೇಜ್. ಹಳೆಯ ಹಂಚಿನ ಕಟ್ಟಡವನ್ನು ರೈಲ್ವೆಯವರು ದುರಸ್ತಿಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಬಾಳಿನ ಮೂವತ್ತಾರನೆಯ ವರ್ಷ ತುಂಬುವ ಮೊದಲೇ, 1990ರ ಸಪ್ಟೆಂಬರ 30ರಂದು, ದಾವಣಗೆರೆಯ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ಇದನ್ನು ನೋಡಲಿಲ್ಲ. ನಾರಾಯಣರು 2001ರವರೆಗೆ ಬದುಕಿದ್ದರು, ಅವರೂ ನೋಡಲಿಲ್ಲ. ಆದರೆ ಅವರ ಕಣ್ಣಿಗೆ ಮೊದಲು ಕಟ್ಟಿದ ಆ ನಿಲ್ದಾಣ ಕೊನೆಗೂ ಒಂದು ಕಡೆ ಕಲ್ಲುಮಣ್ಣಿನದಾಗಿ ನಿಂತಿತು.

ಕಾದಂಬರಿಯ ಕೊನೆಯಲ್ಲಿ ವರ್ಗವಾದ ತಂದೆಯೊಡನೆ ರಾಜಂ ಊರು ಬಿಡುತ್ತಾನೆ. ಮಾತುಬಿಟ್ಟ ಗೆಳೆಯನಿಗೆ ಕೊಡಲು ಸ್ವಾಮಿ ಒಂದು ಪುಸ್ತಕ ಹಿಡಿದು ಬರುತ್ತಾನೆ, ರೈಲು ಹೊರಟುಬಿಡುತ್ತದೆ. ನಮ್ಮ ಹನ್ನೊಂದು ಮಕ್ಕಳು ಜಗುಲಿಕಟ್ಟೆಯಲ್ಲಿ ಸಾಲಾಗಿ ಕುಳಿತು ಹಳಿಯನ್ನೇ ನೋಡುತ್ತಿದ್ದರು. ಜೂನ್ ತಿಂಗಳಿಗೆ ಇವರು ಎಂಟನೆಯ ತರಗತಿ. ಐವರು ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿಯುತ್ತಾರೆಂದು ಮನೆಯವರು ಹೇಳಿದ್ದಾರೆ. ನಾಲ್ವರು ಇಂಗ್ಲಿಷಿಗೆ ಹೋಗುವುದು ನಿಶ್ಚಯ. ಉಳಿದಿಬ್ಬರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

"ರಾಜಂ ಆಮೇಲೆ ಕಾಗದ ಬರೆದನಾ ಮಾಷ್ಟ್ರೆ?" ಎಂದು ಇಂಗ್ಲಿಷಿಗೆ ಹೋಗಲಿರುವವನೊಬ್ಬ ಕೇಳಿದ.

"ಪುಸ್ತಕದಲ್ಲಿ ಅದಿಲ್ಲ" ಎಂದೆ.

"ಬರೆದಿರುತ್ತಾನೆ" ಎಂದಳು ಪಕ್ಕದವಳು, ಹಳಿಯಿಂದ ಕಣ್ಣು ತೆಗೆಯದೆ.

ಹೊಸನಗರ, ಬಾಳೆಬರೆ ಘಾಟಿ, ಕುಂದಾಪುರ ದಾಟಿ ಊರು ಸೇರುವಾಗ ನಡುರಾತ್ರಿಯಾದೀತೆಂದು ಚಾಲಕರು ಅವಸರಪಡಿಸಿದರು. ಬಸ್ಸು ಹತ್ತಿದ ಮೇಲೆ ಯಾರೋ ಆ ಶೀರ್ಷಿಕೆಯ ರಾಗವನ್ನು ಗುನುಗತೊಡಗಿದರು, ರಿಪ್ಪನ್‌ಪೇಟೆ ಬರುವಷ್ಟರಲ್ಲಿ ಎಲ್ಲರೂ ಸೇರಿಕೊಂಡಿದ್ದರು.